ಆ ವಾಲ್ವ್ ನಳಿನಿಯದು

ನಳಿನಿ, ಆ ವಾಲ್ವ್ ಸರಿಮಾಡಿದವಳು ನೀನು. ನಾನಲ್ಲ. ಇಷ್ಟು ವರ್ಷ ಅದು ನನ್ನದೆಂದು ಹೇಳಿಕೊಂಡು ಬದುಕಿದ್ದೇನೆ.

ಕೆ.ಆರ್. ಪುರದ ಆ ಸಣ್ಣ ಕಾರ್ಖಾನೆಯಲ್ಲಿ ನಮ್ಮಿಬ್ಬರದೂ ಒಂದೇ ಟೇಬಲ್. ಕಾರಿನ ಎ.ಸಿ.ಗೆ ಬೆರಳುದ್ದದ ವಾಲ್ವ್ ಮಾಡುತ್ತಿದ್ದೆವು. ಕೊಟ್ಟ ಕರೆಂಟಿಗೆ ತಕ್ಕಂತೆ ಒಳಗಿನ ಕಡ್ಡಿ ಸರಿಯಬೇಕು, ಗ್ಯಾಸಿನ ಒತ್ತಡ ಬದಲಾಗಬೇಕು. ಆ ಒತ್ತಡದಂತೆ ಕಾರು ತಂಪಾಗಬೇಕು. ನಮ್ಮ ಕಡ್ಡಿ ಮಾತ್ರ ನಡುವೆಯೇ ಸಿಕ್ಕಿಕೊಳ್ಳುತ್ತಿತ್ತು. ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆವು.

ಒಂದು ಸಂಜೆ ಬಾಣಸವಾಡಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ ನೀನು ತಟ್ಟನೆ ಹೇಳಿದೆ: “ಕರೆಂಟನ್ನ ಒಂದೇ ಸಮ ಕೊಡ್ಬೇಡ ಕಣೇ. ಸಣ್ಣಗೆ ನಡುಗಿಸ್ತಾ ಇರು. ಕಡ್ಡಿ ನಿಂತ್ರೆ ತಾನೇ ಅಂಟ್ಕೊಳೋದು?”

ಮರುವಾರ ನಿನ್ನ ಅಮ್ಮ ಹಾಸಿಗೆ ಹಿಡಿದರು, ನೀನು ರಜೆ ಹಾಕಿದೆ. ನೀನು ಹೇಳಿದಂತೆಯೇ ನಾನು ಮಾಡಿ ನೋಡಿದೆ. ಗೇಜಿನ ಮುಳ್ಳು ಕೇಳಿದಲ್ಲಿಗೆ ಏರಿತು, ಕೇಳಿದಲ್ಲಿಗೆ ಇಳಿಯಿತು. ನಿನಗೆ ಫೋನ್ ಮಾಡಬೇಕೆಂದು ಎದ್ದೆ — ಅಷ್ಟರಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ಬಂದರು.

“ಯಾರ್ ಐಡಿಯಾ ರೀ ಇದು?”

“ನಂದೇ ಸರ್.”

ಬಾಯಿತಪ್ಪಿ ಬಂದ ಮಾತೆನ್ನಲಾರೆ. ನಿನ್ನ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು — ನುಂಗಿಕೊಂಡೆ.

ತೀರಿಕೊಂಡ ಅಮ್ಮನ ಕರ್ಮ ಮುಗಿಸಿ ನೀನು ಕೆಲಸಕ್ಕೆ ಬಂದಾಗ ಎಲ್ಲರೂ ನನ್ನನ್ನು ಅಭಿನಂದಿಸುತ್ತಿದ್ದರು. ನೀನು ನನ್ನ ಮುಖ ನೋಡಿದೆ. “ಕೆಲ್ಸ ಆಯ್ತಲ್ಲ, ಬಿಡು” ಎಂದೆ ನೀನು. ನನ್ನನ್ನು ಡಿಸೈನಿನ ಮೇಲ್ವಿಚಾರಕಿ ಮಾಡಿದರು, ನಿನ್ನನ್ನು ಸ್ಟೋರ್ಸಿಗೆ ಹಾಕಿದರು. ಕೆಲವು ತಿಂಗಳಲ್ಲಿ ನೀನು ಕೆಲಸ ಬಿಟ್ಟೆ. ಯಾಕೆಂದು ನಾನು ಕೇಳಲಿಲ್ಲ. ಗೊತ್ತಿದ್ದದ್ದನ್ನು ಹೇಗೆ ಕೇಳಲಿ…

ಕಳೆದ ತಿಂಗಳು ಕಲ್ಯಾಣ ನಗರದ ತರಕಾರಿ ಅಂಗಡಿಯಲ್ಲಿ ಸಿಕ್ಕೆಯಲ್ಲ — ನಿನ್ನ ಮಗಳೂ ಜೊತೆಗಿದ್ದಳು. ಮನೆಯಲ್ಲೇ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆಂದೆ ನೀನು. ಮಗಳನ್ನು ಮುಂದೆ ತಂದು, “ದಿವ್ಯಾ, ಇಂಜಿನಿಯರಿಂಗ್ ಓದ್ತಿದೀಯಲ್ಲ, ಇವ್ರನ್ನ ನೋಡು. ಆ ವಾಲ್ವ್ ಸರಿ ಮಾಡ್ದೋರು ಇವ್ರೇ” ಎಂದೆ. ನಿನ್ನ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ನಾನು ನಕ್ಕೆ, ನಳಿನಿ. ಎರಡನೆಯ ಸಲವೂ ನಿನ್ನ ಹೆಸರನ್ನು ನುಂಗಿಕೊಂಡೆ.

ನಿನ್ನೆ ಹೊರಮಾವಿನ ನಿಮ್ಮ ಮನೆಗೆ ಬಂದಿದ್ದೆ. ನೀನಿರಲಿಲ್ಲ. ಬಾಗಿಲಲ್ಲೇ ನಿಂತು ದಿವ್ಯಾಗೆ ಎಲ್ಲವನ್ನೂ ಹೇಳಿದೆ.

“ನೀವು ಹೀಗ್ ಮಾಡಿದ್ದು ಅಮ್ಮಂಗೆ ಗೊತ್ತಾ ಆಂಟಿ?”

“ಮೊದ್ಲಿಂದ್ಲೂ ಗೊತ್ತಮ್ಮ.”

ಅವಳ ಕಣ್ಣು ತುಂಬಿತು. “ಮತ್ತೆ ಅವತ್ತು ಅಂಗಡೀಲಿ, ಅಮ್ಮ ಎದುರಿಗೇ ಇದ್ದಾಗ… ಯಾಕೆ ಹೇಳ್ಲಿಲ್ಲ?”

ಮೆಟ್ಟಿಲಿಳಿದು ಬಂದೆ. ಇವತ್ತು ನಿನಗೇ ಬರೆಯುತ್ತಿದ್ದೇನೆ.