ಹಿಡಿ ಅಕ್ಕಿಯ ಮಡಕೆ

ನಾನು ಚಿಕ್ಕವನಿದ್ದಾಗ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಒಂದು ಕರಿ ಮಡಕೆ ಇತ್ತು. ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅಕ್ಕ ಅದರಲ್ಲೇ ಒಂದು ಹಿಡಿ ತೆಗೆದು ಮಡಕೆಗೆ ಹಾಕುತ್ತಿದ್ದಳು. ಅದು ಅಮ್ಮ ಹಾಕಿಕೊಟ್ಟ ರೂಢಿ. ಅಮ್ಮ ತೀರಿಕೊಂಡ ಮೇಲೆ ಅಡುಗೆಮನೆಯೂ ಅಕ್ಕಿ ಅಳೆಯುವ ಪಾವೂ ಅಕ್ಕನ ಕೈಗೆ ಬಂದಿದ್ದವು. ತಿಂಗಳ ಕೊನೆಯಲ್ಲಿ ಮೂಟೆ ಖಾಲಿಯಾದಾಗ ನಮ್ಮ ಹೊಟ್ಟೆ ತುಂಬಿಸುತ್ತಿದ್ದದ್ದು ಆ ಮಡಕೆಯೇ.

ನಾನು ಅದರಿಂದ ಕದಿಯುತ್ತಿದ್ದೆ. ಚಡ್ಡಿಯ ಜೇಬು ತುಂಬಿಸಿಕೊಂಡು ಹಿತ್ತಲಿಗೆ ಹೋಗಿ ಗುಬ್ಬಿಗಳಿಗೆ ಎರಚುತ್ತಿದ್ದೆ. ಒಗೆಯುವ ಕಲ್ಲಿನ ಮೇಲೆ ಕಾಳು ಬಿದ್ದ ಸಣ್ಣ ಸದ್ದಿಗೇ ಅವು ಸೂರಿನಿಂದ ಬುರ್ರನೆ ಇಳಿಯುತ್ತಿದ್ದವು. ರೆಕ್ಕೆಯ ಗಾಳಿ ನನ್ನ ಕಾಲಿಗೆ ತಾಗುತ್ತಿತ್ತು.

ಒಂದು ಬೆಳಿಗ್ಗೆ ಮೂಟೆ ಮುಗಿದಿತ್ತು. ಅಪ್ಪ ಮಡಕೆಗೆ ಕೈ ಹಾಕಿದ. ಉಗುರು ತಳ ಕೆರೆದ ಸದ್ದು ಕೇಳಿಸಿತು.

"ನಿಮ್ಮಮ್ಮ ಇದ್ದಾಗ ಇದು ಯಾವತ್ತೂ ಬರಿದಾಗಿರ್ಲಿಲ್ಲ. ದುಂದುಗಾತಿ ಕಣೇ ನೀನು," ಎಂದು ಅಕ್ಕನ ಕೈಯಿಂದ ಪಾವು ಕಿತ್ತುಕೊಂಡ.

ಅನ್ನ ಬಸಿದ ಗಂಜಿಯನ್ನೂ ಚೆಲ್ಲದವಳು ನಮ್ಮಕ್ಕ. ಅವಳು ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಮದುವೆಯಾಗಿ ಹೋಗುವವರೆಗೂ ಆ ಪಾವು ಅವಳ ಕೈಗೆ ಮರಳಲಿಲ್ಲ. ನೆಂಟರೂ ಅವಳನ್ನು ಅದೇ ಹೆಸರು ಹಿಡಿದು ಆಡಿಕೊಂಡರು.

ಈಗ ನಾನು ಕಡಲಾಚೆ ದೂರದೇಶದ ಪಾಪಟೋಟೊಯಿ ಎಂಬ ಊರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊನ್ನೆ ಮೊಮ್ಮಗಳು ಮನೆ ಹಿಂದಿನ ಮರದ ಜಗುಲಿ, ಅಂದರೆ ಡೆಕ್ಕಿನ ಮೇಲೆ ನಿಂತು ಟೋಸ್ಟಿನ ಅಂಚು ಹರಿದು ಸೀಗಲ್ ಹಕ್ಕಿಗಳಿಗೆ ಎಸೆಯುತ್ತಿದ್ದಳು. ಅವಳಣ್ಣ ಶಾಲೆಯಲ್ಲಿ ಹೊಸದಾಗಿ ಕಲಿತದ್ದನ್ನು ಅವಳ ಮೇಲೆ ಬಿಟ್ಟ: "ಯೂ ಆರ್ ಎ ಸ್ಪೆಂಡ್‌ತ್ರಿಫ್ಟ್."

ನನಗೆ ಓದು ಅಷ್ಟಕ್ಕಷ್ಟೆ. ಹಾಗೆಂದರೇನು ಎಂದು ಅವನನ್ನೇ ಕೇಳಿದೆ. ಸ್ಪೆಂಡ್ ಅಂದರೆ ಖರ್ಚು ಮಾಡುವುದು. ತ್ರಿಫ್ಟ್ ಅಂದರೆ ಈಗ ಹಿಡಿತದ ಬಾಳು, ಆದರೆ ಬಹಳ ಹಿಂದೆ ಏಳಿಗೆಯಿಂದ ಕೂಡಿಬಂದ ಗಂಟಿಗೇ ಹಾಗೆನ್ನುತ್ತಿದ್ದರಂತೆ. ಆ ಗಂಟು ಕರಗಿಸುವವರಿಗೆ ಈ ಹೆಸರಂತೆ, ನಮ್ಮ ಮಾತಿನಲ್ಲಿ ದುಂದುಗಾತಿ. ಅವನು ಹೇಳುತ್ತಿದ್ದರೆ ನನ್ನ ಕಣ್ಣೆದುರು ಕರಿ ಮಡಕೆ ಬಂದು ಕೂತಿತು.

ಅವತ್ತೇ ಊರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ಮಕ್ಕಳಿಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಆ ಅಕ್ಕಿಯನ್ನು ಗುಬ್ಬಿಗೆ ಹಾಕಿದ್ದು ನಾನು ಎಂದೆ.

"ಗೊತ್ತು ಕಣೋ. ನಿನ್ನ ಚಡ್ಡಿ ಒಗೀತಿದ್ದೋಳು ನಾನೇ ಅಲ್ವಾ," ಎಂದಳು. ಆಮೇಲೆ, "ಅಪ್ಪ ಇದ್ದಾಗ ಹೇಳಿದ್ರೆ ಚೆನ್ನಾಗಿರ್ತಿತ್ತು," ಎಂದಳು.

ಫೋನ್ ಕೆಳಗಿಡದೆ ಮೊಮ್ಮಕ್ಕಳ ಕಡೆ ತಿರುಗಿ ಹೇಳಿದೆ: "ಅದಕ್ಕೇ ಮಕ್ಕಳೇ, ಈಗ ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ಅಪ್ಪ ಆಡಿದ ಮಾತು ತಪ್ಪು. ನಮ್ಮಕ್ಕ ದುಂದುಗಾತಿಯಲ್ಲ. ಗುಬ್ಬಿಗೆ ಹಾಕಿದ ಅಕ್ಕಿಗಾಗಿ ನಾನು ಇಂದಿಗೂ ನೊಂದುಕೊಳ್ಳುವುದಿಲ್ಲ. ನೆಲ ನೋಡುತ್ತ ನಿಂತದ್ದಕ್ಕೆ ನೊಂದುಕೊಳ್ಳುತ್ತೇನೆ. ಆಗ ನಮ್ಮ ಮನೆಯಲ್ಲಿ ಮಡಕೆ ಬರಿದಾದರೆ ಒಲೆಯೂ ಆರುತ್ತಿತ್ತು. ಈಗ ನಿಮ್ಮ ಮನೆಯಲ್ಲಿ ಒಂದು ಬ್ರೆಡ್ಡು ಮುಗಿಯುವ ಮೊದಲೇ ಇನ್ನೊಂದು ಬರುತ್ತದೆ. ಆದರೆ ಒಬ್ಬರಿಗೆ ಹೆಸರು ಅಂಟಿಸುವುದು ಅಲ್ಲಿಯಷ್ಟೇ ಇಲ್ಲಿಯೂ ಸುಲಭ."

ಮರುದಿನ ಮೊಮ್ಮಗ, ಹಕ್ಕಿಗಳಿಗೆ ಎಸೆಯುತ್ತಿದ್ದ ತಂಗಿಯ ಕಡೆ ತಿರುಗಿ ಮತ್ತೆ ಬಾಯಿ ತೆರೆದ. ನಾನು ನನ್ನ ಟೋಸ್ಟಿನ ಅಂಚನ್ನೂ ಹರಿದು ಡೆಕ್ಕಿನಾಚೆ ಎಸೆದು, ಅವನ ಮುಖವನ್ನೇ ನೋಡಿದೆ.

"ಎಸೆದಿದ್ದು ನಾನು. ಆ ಹೆಸರು ನಂಗಿಡು."