ಕಾಲರ್ ಮೈಕ್ ತೆಗೆಯಲು ಮರೆತ ಮದುವೆ

ನಮ್ಮ ಮನೆಯ ಹಾರ್ಡ್ ಡಿಸ್ಕ್‌ಗಳು ಇರುವುದು ಚಕ್ಕುಲಿ ಡಬ್ಬಿಯಲ್ಲಿ.

ನಗಬೇಡಿ. ಸಾಗರದ ಥಂಡಿಗೆ ಕ್ಯಾಮೆರಾ ಲೆನ್ಸಿನ ಒಳಗೇ ಬೂಷ್ಟು ಬರುತ್ತದೆ, ಇನ್ನು ಡಿಸ್ಕ್ ಯಾವ ಲೆಕ್ಕ? ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಳಗೆ ಹೊಸ ಚಪ್ಪಲಿ ತಂದಾಗಲೆಲ್ಲ ಉಳಿಸಿಕೊಂಡ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳು, ಅವುಗಳ ಮಧ್ಯೆ ಊರವರ ಮದುವೆಗಳು. ನಮ್ಮ ಯಜಮಾನರು ಚಹಾ ಹೊತ್ತಿಗೆ ಆಸೆಯಿಂದ ಮುಚ್ಚಳ ತೆಗೆದು, ಸಪ್ಪೆ ಮುಖ ಮಾಡಿಕೊಂಡು ಮುಚ್ಚುವುದು ಈಗಲೂ ಇದೆ.

ಹೊಸ ಓದುಗರಿಗೆ ಹೇಳಿಬಿಡುತ್ತೇನೆ. ಇವರು ಮದುವೆ ಮನೆಗಳಲ್ಲಿ ವಿಡಿಯೊ ತೆಗೆಯುತ್ತಾರೆ, ನಾನು ಎಡಿಟ್ ಮಾಡುತ್ತೇನೆ. ತಿರುಗಾಟ ಅವರದ್ದು, ಜೋಪಾನ ನನ್ನದು. ಶೂಟಿಂಗ್ ಮುಗಿಸಿ ಬಂದ ಕೂಡಲೇ ಕಾರ್ಡಿನಲ್ಲಿ ಇದ್ದದ್ದನ್ನೆಲ್ಲ ಕಂಪ್ಯೂಟರಿಗೆ ಒಂದು ಕಾಪಿ, ಡಬ್ಬಿಯ ಡಿಸ್ಕ್‌ಗೆ ಒಂದು ಕಾಪಿ, ತವರುಮನೆಯ ಬೀರುವಿನಲ್ಲಿರುವ ಡಿಸ್ಕ್‌ಗೆ ಇನ್ನೊಂದು. ಒಂದು ಸುಟ್ಟರೂ ಒಂದು ಉಳಿಯಬೇಕು. ಕಾಪಿ ಆದ ಮೇಲೆ ಎಲ್ಲ ಕಡೆಯೂ ಒಂದೇ ಇದೆಯಾ ಅಂತ ಸಾಫ್ಟ್‌ವೇರ್ ಹಾಕಿ ತಾಳೆ ನೋಡುತ್ತೇನೆ. (ನನಗೆ ಇದು ಒಂಥರಾ ಮಡಿ. ಇವರಿಗೆ ಒಂಥರಾ ಹುಚ್ಚು.)

ಬ್ಯಾಕಪ್ ಮಾಡುವುದು ಕಳೆದುಹೋಗುತ್ತದೆ ಎಂಬ ಭಯಕ್ಕೆ. ಕಳೆದುಹೋಗದೆ ಉಳಿದದ್ದಕ್ಕೂ ಹೆದರಬೇಕಾಗುತ್ತದೆ ಎಂದು ನನಗೆ ಗೊತ್ತಾಗಿದ್ದು ಹೋದ ತಿಂಗಳು.

ಸುನಂದಾ ಫೋನ್ ಮಾಡಿದ್ದಳು. ಹೋದ ವರ್ಷ ನಾವು ಮದುವೆ ವಿಡಿಯೊ ಮಾಡಿಕೊಟ್ಟ ಹುಡುಗಿ. ರಿಪ್ಪನ್‌ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಧರಣೇಂದ್ರಯ್ಯನವರ ಒಬ್ಬಳೇ ಮಗಳು, ಜೈನರ ಮನೆ. ತಾಯಿ ಮದುವೆಗೆ ಎಷ್ಟೋ ವರ್ಷ ಮೊದಲೇ ತೀರಿಕೊಂಡಿದ್ದರು. ಮಗಳನ್ನು ತೀರ್ಥಹಳ್ಳಿಗೆ ಕೊಟ್ಟರು. ಅವಳು ಮೊದಲ ಸಲ ತವರಿಗೆ ಬರುವ ಮುಂಚೆಯೇ ಧರಣೇಂದ್ರಯ್ಯನವರೂ ಹೋಗಿಬಿಟ್ಟರು. ಕಾಯಿಲೆ ಕಸಾಲೆ ಏನೂ ಇರಲಿಲ್ಲ. ಮಲಗಿದವರು ಏಳಲಿಲ್ಲ, ಅಷ್ಟೆ.

"ಅಕ್ಕಾ, ನಮ್ಮಪ್ಪನ ಧ್ವನಿ ನನ್ ಹತ್ರ ಎಲ್ಲೂ ಇಲ್ಲ" ಅಂದಳು. "ಫೋಟೊ ಬೇಕಾದಷ್ಟಿದೆ. ಮಾತಾಡಿದ್ದು ಒಂದೂ ಇಲ್ಲ. ಮದುವೆ ವಿಡಿಯೊ ಹಾಕಿ ನೋಡ್ದೆ, ಅದ್ರಲ್ಲೂ ಬರೀ ಹಾಡು. ಇತ್ತೀಚೆಗೆ ಅಪ್ಪನ ಧ್ವನಿ ಹೆಂಗಿತ್ತು ಅಂತ ನೆನಪು ಮಾಡ್ಕೊಂಡ್ರೆ ಬರ್ತಿಲ್ಲ. ಮುಖ ಬರುತ್ತೆ, ಧ್ವನಿ ಬರಲ್ಲ."

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಹೌದಲ್ಲ? ನಮ್ಮ ಮದುವೆ ವಿಡಿಯೊಗಳಲ್ಲಿ ಯಾರಿಗಾದರೂ ಬಾಯಿ ಇದೆಯೇ? ಎಲ್ಲರೂ ಸ್ಲೋ ಮೋಷನ್‌ನಲ್ಲಿ ನಗುತ್ತಾರೆ. ಅತ್ತೆ ಏನೋ ಹೇಳುತ್ತಾಳೆ, ಅದರ ಮೇಲೆ ಹಾಡು. ಅಜ್ಜ ಆಶೀರ್ವಾದ ಮಾಡುತ್ತಾನೆ, ಅದರ ಮೇಲೂ ಹಾಡು. ಇರುವ ಮಾತನ್ನೆಲ್ಲ ಮ್ಯೂಟ್ ಮಾಡುವುದು ಬೇರೆ ಯಾರೂ ಅಲ್ಲ, ಈ ಅಂಕಣ ಬರೆಯುವ ಕೈಯೇ.

ಹುಡುಕಿ ನೋಡುತ್ತೇನೆ ಅಂದೆ. ಡಬ್ಬಿ ತೆಗೆದೆ. ಮಧ್ಯಾಹ್ನದ ಹೊತ್ತು, ಹೊರಗೆ ಬಸ್ ಹಾರನ್, ಎದುರಿನ ಅಂಗಡಿಯಲ್ಲಿ ಯಾರೋ ಚೌಕಾಸಿ ಮಾಡುತ್ತಿದ್ದರು. ಹೆದರುವಂಥದ್ದು ಏನೂ ಇರಲಿಲ್ಲ.

ಧಾರೆ ಎರೆಯುವಾಗ ಹುಡುಗಿಯ ಅಪ್ಪನ ಅಂಗಿಗೆ ಇವರು ಪುಟ್ಟ ಕಾಲರ್ ಮೈಕ್ ಸಿಕ್ಕಿಸುತ್ತಾರೆ. ಅದರ ತಂತಿ ಜೇಬಿನಲ್ಲಿರುವ ಸಣ್ಣ ರೆಕಾರ್ಡರ್‌ಗೆ. ಓಲಗದ ಗದ್ದಲದಲ್ಲಿ ಮಂತ್ರ ಸರಿಯಾಗಿ ಕೇಳಲಿ ಅಂತ. ಧಾರೆ ಮುಗಿದ ಮೇಲೆ ತೆಗೆದುಕೊಳ್ಳಬೇಕು. ಇವರು ಮರೆಯುತ್ತಾರೆ! ಎಷ್ಟೋ ಮದುವೆಗಳಲ್ಲಿ ಹೆಣ್ಣಿನ ಅಪ್ಪ ಅಡುಗೆಯವರ ಮೇಲೆ ರೇಗಿದ್ದು, ಬೀಗರ ಬಗ್ಗೆ ಗೊಣಗಿದ್ದು ಎಲ್ಲ ನಮ್ಮ ಡಿಸ್ಕ್‌ನಲ್ಲಿದೆ. ನನಗೆ ಬೇಕಾದದ್ದು ಧಾರೆಯ ಭಾಗ ಮಾತ್ರ. ಅದನ್ನು ಕತ್ತರಿಸಿಕೊಂಡು ಉಳಿದದ್ದನ್ನು ಕೇಳದೆಯೇ ಇಟ್ಟುಬಿಡುತ್ತೇನೆ. ಬ್ಯಾಕಪ್‌ನಲ್ಲಿ ಮಾತ್ರ ಇಡೀ ಫೈಲ್ ಇರುತ್ತದೆ.

ಧರಣೇಂದ್ರಯ್ಯನವರ ಫೈಲೂ ಇತ್ತು. ಧಾರೆಯಲ್ಲಿ ಅವರ ಧ್ವನಿ ಹೆಚ್ಚಿರಲಿಲ್ಲ, ಎಲ್ಲ ಪುರೋಹಿತರದ್ದೇ. ಮುಂದೆ ಓಡಿಸಿದೆ. ಬಂದವರನ್ನು ಊಟಕ್ಕೆ ಕರೆಯುತ್ತಾರೆ, ಯಾರಿಗೋ ಕಾರು ತಿರುಗಿಸಲು ಹೇಳುತ್ತಾರೆ. ಆಮೇಲೆ ಹೆಜ್ಜೆ ಸದ್ದು, ಬಾಗಿಲು ಮುಂದೆ ಮಾಡಿದ ಸದ್ದು. ಛತ್ರದ ಹಿಂದಿನ ಉಗ್ರಾಣದ ಕೋಣೆ ಇರಬೇಕು. ಹೊರಗೆ ಪಾತ್ರೆ ತೊಳೆಯುವುದು, ಮಕ್ಕಳು ಕಿರುಚುವುದು ಕೇಳುತ್ತಿತ್ತು. ಅವರು ಕುಳಿತರು, ಉಸ್ಸಪ್ಪ ಅಂದರು.

ಆಮೇಲೆ ಮೆಲ್ಲಗೆ ಕೇಳಿದರು. "ಊಟ ಮಾಡಿದ್ಯಾ?"

ಯಾರೂ ಉತ್ತರ ಕೊಡಲಿಲ್ಲ.

"ಮಾಡ್ಬಿಡು. ಹೊತ್ತು ಮುಳುಗ್ತಾ ಬಂತು. ನಂಗೆ ಕಾಯ್ಬೇಡ."

ಮತ್ತೆ ಮೌನ.

"ಹಟ ಮಾಡ್ಬೇಡ. ಮಗಳನ್ನ ಕಳಿಸ್ಕೊಟ್ಟು ಬರ್ತೀನಿ. ಇನ್ನೇನು ಕೆಲ್ಸ ಇದೆ ನಂಗಿಲ್ಲಿ."

ಈ ಸಲದ ಮೌನ ಉದ್ದ. ಕೊನೆಗೆ, ಸೋತವರ ಹಾಗೆ, "ಸರಿ. ಹಂಗಾರೆ ಕಾಯ್ತಿರು" ಅಂದರು. ಅಲ್ಲಿಗೆ ರೆಕಾರ್ಡರ್‌ನ ಬ್ಯಾಟರಿ ಮುಗಿದಿದೆ, ಫೈಲೂ ಮುಗಿದಿದೆ.

ಫೋನಿನಲ್ಲಿ ಮಾತಾಡಿರಬೇಕು ಅಂದುಕೊಂಡೆ. ನೀವೂ ಅದನ್ನೇ ಅಂದುಕೊಳ್ಳುತ್ತಿದ್ದಿರಿ, ಅಲ್ಲವೇ? ಆದರೆ ಕೈ ಸುಮ್ಮನಿರಬೇಕಲ್ಲ. ಮೌನದ ಜಾಗಗಳಲ್ಲಿ ವಾಲ್ಯೂಮ್ ಏರಿಸಿದೆ. ಆಚೆ ಕಡೆಯವರ ಧ್ವನಿ ಸಣ್ಣಗಾದರೂ ಸಿಗಬಹುದು ಎಂದು.

ಸಿಗಲಿಲ್ಲ. ಸಿಕ್ಕಿದ್ದರೆ ಒಳ್ಳೆಯದಿತ್ತು. ಆ ಜಾಗಗಳಲ್ಲಿ ಪಾತ್ರೆಯ ಸದ್ದೂ ಇಲ್ಲ, ಮಕ್ಕಳ ಕಿರುಚಾಟವೂ ಇಲ್ಲ. ಅವರು ಮಾತಾಡುವಾಗ ಹೊರಗಿನ ಗದ್ದಲ ಇದೆ. ಅವರು ಮಾತು ನಿಲ್ಲಿಸಿದಾಗ ಇಡೀ ಛತ್ರವೇ ನಿಂತಿದೆ. ಪರದೆಯ ಮೇಲೆ ಶಬ್ದದ ಗೆರೆ ಸೀದಾ ಮಲಗಿದೆ. ದೊಡ್ಡವರು ಯಾರಾದರೂ ಮಾತಾಡುವಾಗ ನಾವೆಲ್ಲ ಸುಮ್ಮನಾಗುತ್ತೇವಲ್ಲ, ಹಾಗೆ.

ಹಿನ್ನೆಲೆ ಸದ್ದನ್ನು ತಾನಾಗಿಯೇ ಕತ್ತರಿಸುವ ಸೆಟ್ಟಿಂಗ್ ಕೆಲವು ರೆಕಾರ್ಡರ್‌ಗಳಲ್ಲಿ ಇರುತ್ತದೆ. ನಮ್ಮದರಲ್ಲಿ ಇಲ್ಲ.

ಎದ್ದು ಹೋಗಿ ಬಾಗಿಲು ಪೂರ್ತಿ ತೆರೆದಿಟ್ಟೆ, ಬಸ್ ಹಾರನ್ ಜೋರಾಗಿ ಕೇಳಲಿ ಅಂತ. ಇವರು ಬಂದ ಮೇಲೆ ಕೇಳಿಸಿದೆ. ಯಾವಾಗಲೂ ತಮಾಷೆ ಮಾಡುವ ಮನುಷ್ಯ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ಹುಡುಗಿ ಹೊರಡೋ ಹೊತ್ತಿಗೆ ಅವ್ರೇ ಬಂದು ಮೈಕ್ ಬಿಚ್ಚಿ ಕೊಟ್ರು" ಅಂದರು. "ನಗ್ತಾ ಇದ್ರು. ಇದ್ನ ಒಬ್ಳೇ ಕೂತ್ಕಂಡು ಕೇಳಡ ಮಾರಾಯ್ತಿ."

ಕೊಡಬೇಕೋ ಬೇಡವೋ? ಅದೇ ಯೋಚನೆಯಾಯಿತು. ಊಟಕ್ಕೆ ಕರೆದದ್ದನ್ನು, ಕಾರು ತಿರುಗಿಸಲು ಹೇಳಿದ್ದನ್ನು ಮಾತ್ರ ಕತ್ತರಿಸಿ ಕೊಡಬಹುದಿತ್ತು. ಎಡಿಟರ್ ಅಲ್ಲವೇ, ಕತ್ತರಿಸುವುದೇ ಕೆಲಸ. ಆದರೆ ಅವಳ ಅಪ್ಪನ ಮಾತಿಗೆ ಕತ್ತರಿ ಹಾಕಲು ನಾನು ಯಾರು? ಈ ಸಲ ಕೈ ಬರಲಿಲ್ಲ.

ಸುನಂದಾ ಬಸ್ ಬದಲಿಸಿಕೊಂಡು ಬಂದಳು. ಮೊದಲೇ ಹೇಳಿದೆ, ಕೊನೆಯಲ್ಲಿ ಅಪ್ಪ ಯಾರ ಜೊತೆಗೋ ಮಾತಾಡುತ್ತಾರೆ, ಫೋನ್ ಇರಬೇಕು ಅಂತ.

"ಅವತ್ತು ಅಪ್ಪನ ಫೋನ್ ನನ್ ಬ್ಯಾಗಲ್ಲಿತ್ತು ಅಕ್ಕಾ. ಧಾರೆ ಮಧ್ಯೆ ಹೊಡ್ಕೋಬಾರ್ದು ಅಂತ ನಾನೇ ಇಸ್ಕೊಂಡಿದ್ದೆ."

ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದಳು. "ಉಸ್ಸಪ್ಪ" ಬಂದಾಗ ಇರಬೇಕು, ಕಣ್ಣಲ್ಲಿ ನೀರು ಬಂತು. ಮುಂದೆ ಅಳುತ್ತಾಳೆ, ಇಲ್ಲ ಬೆಚ್ಚುತ್ತಾಳೆ ಅಂತ ನಾನು ನೀರಿನ ಲೋಟ ಹಿಡಿದು ನಿಂತಿದ್ದೆ. ಅವಳು ನಕ್ಕಳು.

"ಅಮ್ಮನ ಜೊತೆ ಮಾತಾಡ್ತಿದಾರೆ" ಅಂದಳು, ಪಕ್ಕದ ಮನೆಯವರ ವಿಷಯ ಹೇಳುವ ಹಾಗೆ.

ಆಮೇಲೆ ಬಿಡಿಸಿ ಹೇಳಿದಳು. ಅವರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅಪ್ಪ ಅಂಗಡಿಯಿಂದ ಬೇಗ ಬಂದರೆ ಸರಿ, ಗಿರಾಕಿ ಜಾಸ್ತಿಯಾಗಿ ಕತ್ತಲಾಯಿತೋ, ಅಮ್ಮನೂ ಉಪವಾಸ. ಅಪ್ಪ ಬರದೆ ಅಮ್ಮ ತಟ್ಟೆ ಹಾಕಿಕೊಂಡವಳೇ ಅಲ್ಲ. ದಿನಾ ಸಂಜೆ ಅಂಗಡಿಯಿಂದ ಫೋನಿನಲ್ಲಿ ಅಪ್ಪನದು ಇದೇ ಮಾತು, ಊಟ ಮಾಡ್ಬಿಡು, ಕಾಯ್ಬೇಡ. ಅಮ್ಮನದು ಇದೇ ಹಟ.

"ಆದ್ರೆ ಕಾಯ್ತಿರು ಅಂತ ಅಪ್ಪ ಒಂದಿನಾನೂ ಅಂದಿರ್ಲಿಲ್ಲ" ಅಂದಳು. ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಪೆನ್‌ಡ್ರೈವ್‌ಗೆ ಹಾಕಿಕೊಟ್ಟೆ. ಎಂದಿನಂತೆ ತಾಳೆ ನೋಡಿಯೇ ಕೊಟ್ಟೆ. ನನ್ನಲ್ಲಿದ್ದದ್ದೂ ಅವಳಿಗೆ ಕೊಟ್ಟದ್ದೂ ಒಂದೇ, ಒಂದು ಚುಕ್ಕೆಯೂ ಹೆಚ್ಚು ಕಡಿಮೆ ಇಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ.

ಮೊನ್ನೆ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಅವಳ ಫೋನ್ ಬಂತು.

"ಅಕ್ಕಾ, ನಿಮ್ ಹತ್ರ ಇರೋದ್ರಲ್ಲಿ ಕೊನೆಗೆ ಏನಿದೆ?"

"ಕಾಯ್ತಿರು ಅಂತಾರಲ್ಲ, ಅಲ್ಲಿಗೆ ಮುಗೀತು."

ನಾನು ದೋಸೆ ಮಗುಚಿ ಹಾಕಿದೆ.

"ನನ್ ಹತ್ರ ಅದಾದ್ಮೇಲೂ ಇದೆ" ಅಂದಳು. "ಅಮ್ಮ ಹೂಂ ಅಂತಾಳೆ. ಮೊದಮೊದ್ಲು ನಂಗೂ ಕೇಳಿಸಿರ್ಲಿಲ್ಲ. ಈಗ ದಿನಾ ಕೇಳುತ್ತೆ. ನಂಗೇನು ಭಯ ಇಲ್ಲ ಅಕ್ಕಾ, ರಾತ್ರಿ ನಿದ್ದೆನೂ ಚೆನ್ನಾಗ್ ಬರ್ತಿದೆ. ಒಂದು ಉಪಕಾರ ಮಾಡಿ. ನಿಮ್ಮತ್ರ ಇರೋದು ಪೂರ್ತಿ ಅಲ್ವಲ್ಲ, ಅಳಿಸ್ಬಿಡಿ. ಅವ್ರಿಬ್ರ ಮಾತು ಅಲ್ಲಿ ಇಲ್ಲಿ ಇರೋದು ಬೇಡ."

ದುಃಖ, ಹಾಗೆಲ್ಲ ಕೇಳಿಸುತ್ತದೆ ಅನ್ನುತ್ತಾರೆ ಇವರು. ಇರಬಹುದು. ದಿನವೂ ಅದನ್ನೇ ಕೇಳಿದರೆ ಕಿವಿ ತನಗೆ ಬೇಕಾದದ್ದನ್ನು ಸೇರಿಸಿಕೊಳ್ಳದೆ ಇರುತ್ತದೆಯೇ? ನನಗೂ ಒಪ್ಪಿಗೆಯೇ. ಆದರೂ ಹಾಗೆ ಹೇಳಿದ ಮನುಷ್ಯ ಆ ಡಬ್ಬಿಯನ್ನು ಅಡುಗೆಮನೆಯಿಂದ ತೆಗೆದು ಹೊರಗಿನ ಕೋಣೆಗೆ ಸಾಗಿಸಿದ್ದು ಯಾಕೆ ಅಂತ ನಾನು ಕೇಳಿಲ್ಲ.

ಎರಡು ಕಾಪಿ ಅಳಿಸಿದೆ. ಒಂದು ಉಳಿದಿದೆ. ಅವಳಿಗೆ ಮಾತು ಕೊಟ್ಟಿದ್ದೇನೆ, ಅದನ್ನೂ ಅಳಿಸುತ್ತೇನೆ, ಇವತ್ತೇ. ಆ ಫೈಲಿನ ಮುಂದೆ ಬೆಳಿಗ್ಗೆಯಿಂದ ಕುಳಿತಿದ್ದೇನೆ, ಹೆಡ್‌ಫೋನ್ ಪಕ್ಕದಲ್ಲೇ ಇದೆ.

ನೀವಾಗಿದ್ದರೆ, ಡಿಲೀಟ್ ಒತ್ತುವ ಮುಂಚೆ ಕೊನೆಯದಾಗಿ ಒಮ್ಮೆ ಕೇಳುತ್ತಿದ್ದಿರಾ?