ಗೇಟು ಕಾಯುವ ಸೈರಾಕಾನ್

ಮೇ ತಿಂಗಳು ಬಂತೆಂದರೆ ಸೈರಾಕಾನಳಿಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಕಾರಾ-ದೋಬೋ ಊರಿಗೆಲ್ಲ ಅದು ಹಿಮ ಕರಗಿ ಕುರಿಗಳು ಬೆಟ್ಟದ ಹುಲ್ಲುಗಾವಲಿಗೆ ಹತ್ತುವ ಸಂಭ್ರಮದ ಕಾಲ. ಹೆಣ್ಣುಮಕ್ಕಳ ಶಾಲೆಯ ಹಾಸ್ಟೆಲ್ ಆಯಾಗೆ ಮಾತ್ರ ಕಳ್ಳರ ಕಾಲ. ಕೊನೆಯ ತರಗತಿಯ ಹುಡುಗಿಯರ ಓದು ಮುಗಿಯುವ ಹೊತ್ತಿಗೆ ಸರಿಯಾಗಿ ಗೇಟಿನಾಚೆ ಕಾರುಗಳು ಬಂದು ನಿಲ್ಲುತ್ತಿದ್ದವು. ಕಣ್ಣಿಗೆ ಬಿದ್ದ ಹುಡುಗಿಯನ್ನು ಎತ್ತಿ ಕಾರಿಗೆ ತುಂಬಿ, ಮನೆಗೊಯ್ದು ತಲೆಗೆ ಬಿಳಿ ವಸ್ತ್ರ ಕಟ್ಟಿಬಿಟ್ಟರೆ ಮುಗೀತು, ಮದುವೆ! ಕಾನೂನು ಕೂಡದು ಅಂದಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಹುಡುಗಿ ಕಿರುಚುವಾಗ ಆ ಕಾನೂನು ಯಾವತ್ತೂ ಊರಲ್ಲಿ ಇರುತ್ತಿರಲಿಲ್ಲ.

ಶಾಲೆ ಶುರುವಾದಾಗ ಅದಕ್ಕೆ ಗೋಡೆಯೇ ಇರಲಿಲ್ಲವಂತೆ. ಮೊದಲ ವರ್ಷ ಕುದುರೆ ಮೇಲೆ ಓದಲು ಬಂದವರಲ್ಲಿ ಅರ್ಧಕ್ಕರ್ಧ ಹುಡುಗಿಯರು ಮರುವರ್ಷಕ್ಕೆ ಯಾರ್ಯಾರದೋ ಮನೆಯ ಸೊಸೆಯರಾಗಿದ್ದರು. ಆಮೇಲೆ ಕುರಿಗಾಹಿ ಅಪ್ಪಂದಿರೇ ಮಣ್ಣು ತುಳಿದು ಇಟ್ಟಿಗೆ ಹಾಕಿ, ಕುದುರೆ ಮೇಲೆ ಕೂತವನಿಗೂ ಒಳಗೆ ಕಾಣದಷ್ಟು ಎತ್ತರಕ್ಕೆ ಗೋಡೆ ಎಬ್ಬಿಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಆ ಗೋಡೆಯೊಳಗೆ ಹುಡುಗಿಯರು ಹಸಿದ ಹೊಟ್ಟೆಯಲ್ಲೇ ಸಿಪಾಯಿಗಳಿಗೆ ಉಣ್ಣೆಯ ಕಾಲುಚೀಲ ಹೆಣೆದರು, ಪಾಠ ಬಾಯಿಗೆ ಹಾಕಿಕೊಂಡರು. ಸೈರಾಕಾನಳೂ ಹೆಣೆದವಳೇ. ಕೊನೆಯ ಪರೀಕ್ಷೆಗೆ ಮೊದಲು ಅವಳು ನೀರು ತರಲು ಹೊರಗೆ ಹೋದಳು, ಅಲ್ಲಿಂದಲೇ ಅವಳನ್ನು ಹೊತ್ತುಕೊಂಡು ಹೋದರು. ಗಂಡ ಸತ್ತ ಮೇಲೆ ನೆಲ ಒರೆಸುವ ಕೆಲಸಕ್ಕೆ ಅದೇ ಶಾಲೆಗೆ ವಾಪಸು ಬಂದಳು. ಅವತ್ತಿನಿಂದ ಗೇಟಿನ ಬೀಗದ ಕೈ ಅವಳ ಸೊಂಟ ಬಿಟ್ಟಿದ್ದಿಲ್ಲ. ಶಾಲಾ ಇನ್ಸ್‌ಪೆಕ್ಟರ್ ಬಂದರೂ "ಯಾರ ಮನೆಯವನಪ್ಪಾ ನೀನು?" ಎಂದು ಕೇಳಿಯೇ ಒಳಗೆ ಬಿಡುವವಳು.

ಸೋವಿಯತ್ ಸರ್ಕಾರ ಬಿದ್ದು ನಾಲ್ಕೈದು ವರ್ಷವಾಗಿತ್ತು. ಆ ಮೇ ತಿಂಗಳಲ್ಲಿ ಸೈರಾಕಾನ್ ಹೆದರಿದ್ದು ಕೊನೆಯ ತರಗತಿಯ ಆಸಿಲ್‌ಗಾಗಿ. ಅವಳ ಅಪ್ಪ ಅಮ್ಮ ಕುರಿಗಳ ಜೊತೆ ಬೆಟ್ಟ ಹತ್ತಿದ್ದರು. ಹುಡುಗಿಗೆ ಪರೀಕ್ಷೆ ಬರೆದು ರಾಜಧಾನಿಗೆ ಹೋಗಿ ದನದ ಡಾಕ್ಟರಾಗುವ ಹಟ. ವಾರದಿಂದ ಒಂದು ಬೂದು ಬಣ್ಣದ ಕಾರು ಗೇಟಿನೆದುರು ಸುತ್ತುತ್ತಿತ್ತು.

"ಅಪಾ, ನೀವು ಹೀಗೆ ಹಿಂದೆ ಹಿಂದೆ ಬಂದ್ರೆ ಕಕ್ಕಸಿಗೆ ಹೋಗೋದೂ ಕಷ್ಟ" ಎಂದು ಆಸಿಲ್ ನಗುವಳು. ಶಾಲೆಯ ಹುಡುಗಿಯರಿಗೆಲ್ಲ ಸೈರಾಕಾನ್ ಅಪಾ, ಅಂದರೆ ಅಮ್ಮ.

"ನಗು, ನಗು. ಹೊತ್ಕೊಂಡು ಹೋದಾಗ ಗೊತ್ತಾಗುತ್ತೆ."

"ಹೊತ್ತವನ ಸೊಂಟ ಮುರಿಯುತ್ತೆ ಬಿಡಿ. ನೀವೇ ತಿನ್ಸಿ ತಿನ್ಸಿ ಸಾಕಿದೀರಲ್ಲ!"

ತರಗತಿಗಳು ಮುಗಿದು ವರ್ಷದ ಕೊನೆಯ ಗಂಟೆ ಬಾರಿಸುವ ದಿನ ಬೆಳಿಗ್ಗೆ ಗೇಟಿಗೆ ಒಬ್ಬ ಹುಡುಗ ಬಂದ. ತಲೆ ಬಾಗಿಸಿ, ಎದೆ ಮೇಲೆ ಕೈಯಿಟ್ಟು ನಿಂತ. ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು.

"ಅಪಾ, ಚೆನ್ನಾಗಿದೀರಾ? ನಾನು ಆಸಿಲ್‌ಗೆ ಸೋದರಮಾವನ ಮಗ. ಅತ್ತೆ ಬೆಟ್ಟದಿಂದ ರೊಟ್ಟಿ ಕಳಿಸಿದಾರೆ. ಮೊದಲು ನೀವು ಒಂದು ಚೂರು ಬಾಯಿಗೆ ಹಾಕ್ಕೊಳ್ಳಿ."

ಚಾಚಿದ ರೊಟ್ಟಿಯನ್ನು ಮುರಿಯದೆ ಕಳಿಸುವುದು ಎಲ್ಲಾದರೂ ಉಂಟೇ? ಶತ್ರುವಿನ ರೊಟ್ಟಿಯಾದರೂ ಎರಡೂ ಕೈಯಲ್ಲಿ ತೆಗೆದುಕೊಂಡು ಒಂದು ತುತ್ತು ತಿನ್ನಬೇಕು. ಸೈರಾಕಾನ್ ಗೇಟು ತೆರೆದಳು. "ಆಸಿಲ್, ನಿಮ್ಮಮ್ಮ ರೊಟ್ಟಿ ಕಳ್ಸಿದಾರೆ ಬಾರೇ!" ಎಂದು ತಾನೇ ಕೂಗಿದಳು. ಅವಳ ಎರಡೂ ಕೈಯಲ್ಲಿ ರೊಟ್ಟಿ, ಬಾಯಲ್ಲಿ ತುತ್ತು. ಓಡಿ ಬಂದ ಆಸಿಲ್ "ಇವನ್ಯಾರೋ ನಂಗೊತ್ತಿಲ್ಲ ಅಪಾ!" ಎನ್ನುವಷ್ಟರಲ್ಲಿ ಗೋಡೆಯ ಮರೆಯಿಂದ ಇನ್ನಿಬ್ಬರು ನುಗ್ಗಿದರು. ಅಯ್ಯೋ, ಆ ಕಿರುಚಾಟ! ರೊಟ್ಟಿ ನೆಲಕ್ಕೆ ಬಿತ್ತು, ಕಾರು ಹೋಯಿತು.

ಹೆಡ್‌ಮಿಸ್ಟ್ರೆಸ್ ಜುಮಾಗುಲ್ ಪೊಲೀಸರಿಗೆ ಫೋನ್ ಮಾಡಿದರೆ, "ಮದುವೆ ಊಟಕ್ಕೆ ನಮ್ಮನ್ನೂ ಕರೀರಿ ಮೇಡಂ" ಎಂಬ ನಗು ಕೇಳಿಸಿತು. ಮದುವೆಯಾಗಲು ಹೊತ್ತೊಯ್ದವನು ಎರ್ಮೆಕ್, ನದಿಯಾಚೆಯ ಕಲ್ಬೂಬುವಿನ ಮೊಮ್ಮಗ ಎಂಬುದು ಗೊತ್ತಾಯಿತು. ಕಲ್ಬೂಬು ಇದೇ ಶಾಲೆಯವಳು, ಯುದ್ಧದ ಚಳಿಗಾಲಗಳಲ್ಲಿ ಸೈರಾಕಾನಳ ಜೊತೆ ಒಂದೇ ಕಂಬಳಿ ಹೊದ್ದು ಮಲಗಿದವಳು.

"ಕತ್ತಲಾಗೋದ್ರೊಳಗೆ ಕರ್ಕೊಂಡು ಬರ್ಬೇಕು" ಅಂದರು ಜುಮಾಗುಲ್. "ಒಂದು ರಾತ್ರಿ ಅಲ್ಲಿ ಕಳೆದ್ರೆ ಅವಳ ಅಪ್ಪನೇ ಮನೆಗೆ ಸೇರಿಸಲ್ಲ."

"ಗೇಟು ತೆಗೆದವಳು ನಾನು. ನಾನೇ ಹೋಗ್ತೀನಿ."

ಹಾಲಿನ ಲಾರಿ ಹತ್ತಿ ಹೊರಟಳು. ಹೊತ್ತು ಇಳಿಯುತ್ತಿತ್ತು. ಸೇತುವೆ ದಾಟುವಾಗ ಅವಳಿಗೆ ಒಂದೇ ಚಿಂತೆ. ಈಗಾಗಲೇ ವಸ್ತ್ರ ಕಟ್ಟಿಬಿಟ್ಟಿದ್ದರೆ? ಹುಡುಗಿ ಸಾಕಾಗಿ ಹೂಂ ಅಂದುಬಿಟ್ಟಿದ್ದರೆ?

ಅಂಗಳದಲ್ಲಿ ಆಗಲೇ ಕುರಿ ಕೊಯ್ದಿದ್ದರು. ಬಾಗಿಲಿನ ಮುಂದೆ ಎರ್ಮೆಕ್ ಮತ್ತು ಅವನ ಚಿಕ್ಕಪ್ಪಂದಿರು ನಿಂತಿದ್ದರು. ತಲೆ ನೆರೆತ ಅತಿಥಿಯನ್ನು ತಡೆಯುವಂತಿಲ್ಲ, ದಾರಿ ಬಿಟ್ಟರು. ಒಳಗೆ ಮೂಲೆಯ ಪರದೆಯ ಹಿಂದೆ ಆಸಿಲ್ ಗೋಡೆಗೆ ಒರಗಿದ್ದಳು. ಸುತ್ತ ಆ ಮನೆಯ ಹೆಂಗಸರು. ಬಿಳಿ ವಸ್ತ್ರ ಹರಿದು ಕಾಲಡಿಯಲ್ಲಿ ಬಿದ್ದಿತ್ತು. ಕೂಗಿ ಕೂಗಿ ಹುಡುಗಿಯ ಗಂಟಲು ಕಟ್ಟಿಹೋಗಿತ್ತು.

"ನೀವೇ ಅಲ್ವಾ ಗೇಟು ತೆಗೆದಿದ್ದು?"

"ಹೌದಮ್ಮ, ನಾನೇ ಪಾಪಿ. ಈಗ ಏಳು."

ಹೆಂಗಸರು ತಡೆಯಲಿಲ್ಲ, ತಮ್ಮತಮ್ಮಲ್ಲೇ ನಕ್ಕರು. ತಡೆಯುವವಳು ಬೇರೆ ಇದ್ದಳಲ್ಲ! ಅಡುಗೆಮನೆಯಿಂದ ಕಲ್ಬೂಬು ಬಂದಳು. ಯಾರ ಮುಖವನ್ನೂ ನೋಡದೆ ಹೊಸ್ತಿಲಿಗೆ ಅಡ್ಡಲಾಗಿ ಮಲಗಿಬಿಟ್ಟಳು. ಅಗಲವಾದ ಲಂಗ ಬಾಗಿಲ ತುಂಬ ಹರಡಿತು.

ಹಿರಿಯ ಹೆಂಗಸನ್ನು ದಾಟಿ ಹೋದ ಹುಡುಗಿಯ ಹೊಟ್ಟೆಯಲ್ಲಿ ಮಗು ನಿಲ್ಲುವುದಿಲ್ಲ, ಅವಳು ಕಾಲಿಟ್ಟ ಮನೆಯ ಒಲೆ ಉರಿಯುವುದಿಲ್ಲ. ಇದು ಅಲ್ಲಿಯ ಹೆಣ್ಣುಮಕ್ಕಳಿಗೆ ಎದೆಹಾಲಿನ ಜೊತೆ ಇಳಿದ ಭಯ. ಕಚ್ಚಿ, ಪರಚಿ, ಒದ್ದು ಬಂದವರೂ ಅಲ್ಲಿಗೆ ಬಂದು ನಿಂತುಬಿಡುತ್ತಿದ್ದರು. ಆಸಿಲ್ ಕೂಡ ನಿಂತಳು.

"ಅಪಾ, ನನ್ನ ಕೈಲಾಗಲ್ಲ. ನಂಗೆ ಭಯ."

"ನಂಗೂ ಭಯ ಆಗಿತ್ತು ಕಣೇ. ನಾನು ದಾಟ್ಲಿಲ್ಲ. ಹೇಳಿದ ಹಾಗೆ ಕೇಳ್ಕೊಂಡು ಬಿದ್ದಿದ್ದೆ. ಮೂರು ಹೆತ್ತೆ, ಮೂರನ್ನೂ ಮಣ್ಣಿಗಿಟ್ಟೆ. ದಾಟಿದ್ರೆ ಇದಕ್ಕಿಂತ ಇನ್ನೇನು ಆಗ್ತಿತ್ತು ಹೇಳು!"

ಒಳಗಿದ್ದ ಹೆಂಗಸರ ನಗು ನಿಂತಿತು. ಸೈರಾಕಾನ್ ಕೆಳಗೆ ನೋಡಿದಳು. ಕಲ್ಬೂಬುವಿನ ಕಣ್ಣು ಅವಳನ್ನೇ ನೋಡುತ್ತಿತ್ತು. ಆ ಕಣ್ಣು ಮೆಲ್ಲಗೆ ತನ್ನ ಕಾಲಿನ ಕಡೆ ಹೊರಳಿ, ಮತ್ತೆ ಇವಳ ಕಡೆ ತಿರುಗಿತು. ಲಂಗ ಬಾಗಿಲ ತುಂಬ ಹರಡಿಯೇ ಇತ್ತು. ಆದರೆ ಅದರೊಳಗೆ ಕಾಲುಗಳು ಮೆಲ್ಲಗೆ ಮೇಲಕ್ಕೆ ಸರಿದವು, ಮಂಡಿಯಿಂದ ಕೆಳಗೆ ಬಟ್ಟೆ ಚಪ್ಪಟೆಯಾಗಿ ಕುಸಿಯಿತು. ಅಲ್ಲಿ ಇದ್ದದ್ದು ಬರೀ ಬಟ್ಟೆ.

ಸೈರಾಕಾನ್ ಹುಡುಗಿಯ ರಟ್ಟೆ ಹಿಡಿದಳು. "ನನ್ನ ಕಾಲು ಬಿದ್ದ ಕಡೆನೇ ಕಾಲಿಡು. ಬೇರೆ ಕಡೆ ಇಟ್ರೆ ನೋಡು ಮತ್ತೆ!"

ಇಬ್ಬರೂ ಹೊರಗೆ ಬಿದ್ದರು. ಹಿಂದಿನಿಂದ ಕಲ್ಬೂಬು ಎದೆ ಎದೆ ಬಡಿದುಕೊಂಡಳು. "ದಾಟಿದ್ಲು! ನನ್ನ ದಾಟಿದ್ಲು! ನಿನ್ನ ಒಲೆ ಆರಿಹೋಗ! ನಿನ್ನ ತೊಟ್ಟಿಲು ಬರಿದಾಗ!" ಅಂಗಳದ ಗಂಡಸರು ಒಬ್ಬರೂ ಮುಟ್ಟಲಿಲ್ಲ. ಶಾಪ ತಗಲಿದ ಹೆಣ್ಣು ಯಾವ ಮನೆಗೆ ಬೇಕು? ಎರ್ಮೆಕ್ ಅಂತೂ ಅವಳ ನೆರಳು ಬೀಳದಂತೆ ಪಕ್ಕಕ್ಕೆ ಸರಿದುಕೊಂಡ.

ಕಾದು ನಿಂತಿದ್ದ ಲಾರಿಯ ಹಿಂಬದಿಯಲ್ಲಿ, ಖಾಲಿ ಹಾಲಿನ ಕ್ಯಾನುಗಳ ನಡುವೆ ಇಬ್ಬರೇ ಕೂತರು. ಸೇತುವೆ ದಾಟಿದ ಮೇಲೆ ಆಸಿಲ್ ಪಿಸುಗುಟ್ಟಿದಳು.

"ಅಪಾ, ನಾನು ಅಜ್ಜೀನ ದಾಟ್ಲೇ ಇಲ್ಲ. ಅಲ್ಲಿ ಕಾಲೇ ಇರ್ಲಿಲ್ಲ."

"ಬಾಯಿ ಮುಚ್ಚು!" ಸೈರಾಕಾನ್ ಹುಡುಗಿಯ ಬಾಯಿಗೆ ಕೈ ಅಡ್ಡ ಹಿಡಿದಳು. ಅಲ್ಲಿಯ ತನಕ ಹುಡುಗಿಗಾಗಿ ಹೆದರಿದ್ದಳು, ಈಗ ಇನ್ನೊಬ್ಬಳಿಗಾಗಿ. ಆ ಮನೆಯ ಗಂಡಸರ ಕೈ ಎಂಥದೆಂದು ಅವಳಿಗೆ ಗೊತ್ತಿತ್ತು. "ಕಲ್ಬು ಇನ್ನೂ ಆ ಮನೇಲೇ ಬದುಕ್ಬೇಕು ಕಣೇ. ಕಾಲು ಮಡಚಿದ್ಲು ಅಂತ ಗೊತ್ತಾದ್ರೆ ಮುದುಕೀನ ಉಳಿಸ್ತಾರಾ? ಯಾರೇ ಕೇಳ್ಲಿ, ದಾಟಿದೆ ಅನ್ನು."

"ಊರೆಲ್ಲ ಶಾಪದ ಹುಡುಗಿ ಅನ್ನುತ್ತೆ."

"ಅನ್ನುತ್ತೆ."

"ಅಮ್ಮನಿಗೆ ಮಾತ್ರ..."

"ಅಮ್ಮನಿಗೂ ಬೇಡ."

ಹುಡುಗಿ ಅತ್ತಳು. ಸೈರಾಕಾನ್ ಸಮಾಧಾನ ಮಾಡಲಿಲ್ಲ. ಏನೆಂದು ಮಾಡಿಯಾಳು? ಶಾಲೆಯ ಗೇಟು ಬರುವಷ್ಟರಲ್ಲಿ ಮಬ್ಬುಗತ್ತಲೆ. ದೊಡ್ಡ ಓದು ಓದಿದ, ಇಂಥ ಮೂಢನಂಬಿಕೆಗಳ ಮೇಲೆ ವರ್ಷವರ್ಷವೂ ಹುಡುಗಿಯರಿಗೆ ಭಾಷಣ ಮಾಡುವ ಜುಮಾಗುಲ್ ಮೇಡಂ ಬಾಗಿಲಲ್ಲೇ ಕಾದಿದ್ದರು. ಎರಡೂ ಕೈ ಚಾಚಿ ಓಡಿ ಬಂದರು.

"ಬಂದ್ಯಾ ಮಗಳೇ! ಹೇಗೆ ಬಿಟ್ರು? ಮುದುಕಿ ಅಡ್ಡ ಮಲಗಿರ್ಲಿಲ್ವಾ?"

ಆಸಿಲ್ ಒಮ್ಮೆ ಸೈರಾಕಾನಳ ಮುಖ ನೋಡಿದಳು.

"ಮಲಗಿದ್ರು ಮೇಡಂ" ಅಂದಳು. "ದಾಟಿದೆ."

ಅವಳ ತಲೆ ಸವರಲು ಬಂದ ಜುಮಾಗುಲ್‌ರ ಕೈ ಅರ್ಧಕ್ಕೇ ನಿಂತುಬಿಟ್ಟಿತು.